ನಿಂಗರಾಜು ಮೇಲ್ಮನೆಗೆ ನಿಂತ ವರ್ಷ

ಅರಗಿನ ವಾಸನೆಗೂ ರಾಜ್ಯ ಶಾಸಕಾಂಗಕ್ಕೂ ಏನು ಸಂಬಂಧ ಎಂದು ಬಲ್ಲವರು ಕೇಳಬಹುದು. ಸಂವಿಧಾನದಲ್ಲಂತೂ ಏನೂ ಇಲ್ಲ, ನಾನು ಹುಡುಕಿದ್ದೇನೆ. ಆದರೂ ಮೊನ್ನೆ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರ ಬೀದಿಯಲ್ಲಿ ನಡೆದು ಹೋಗುತ್ತಿದ್ದಾಗ, ಗಿರ್ರನೆ ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಏಳುವ ಆ ಬೆಚ್ಚಗಿನ, ತುಸು ಸುಟ್ಟ ವಾಸನೆ ಮೂಗಿಗೆ ಬಿದ್ದಿದ್ದೇ ತಡ, ನನಗೆ ವಿಧಾನ ಪರಿಷತ್ತು ನೆನಪಾಯಿತು. ಅದರ ಹಿಂದೆಯೇ ಸಮಾಂತರ ಶ್ರೇಢಿಯೂ ನೆನಪಾಯಿತು. ನಿವೃತ್ತನಾಗಿದ್ದೇನೆ, ಇನ್ನು ಯಾರೂ ನನ್ನ ಕೈಗೆ ಸೀಮೆಸುಣ್ಣ ಕೊಟ್ಟು ಲೆಕ್ಕ ಮಾಡಿಸಲಾರರು ಎಂದು ನನಗೆ ನಾನೇ ಹೇಳಿಕೊಂಡು, ಎದುರಿಗಿದ್ದ ಅಂಗಡಿಯಲ್ಲಿ ಒಂದು ಟೀ ಕುಡಿದೆ.

ನಾನು ಕೆಲಸ ಮಾಡಿದ ಹೈಸ್ಕೂಲು ಆ ಬೀದಿಯ ಬೆನ್ನಿಗೇ ಇದೆ. ಹತ್ತನೇ ತರಗತಿಯ ಕಿಟಕಿ ತೆರೆದರೆ ಅರಗಿನ ವಾಸನೆ, ಮುಚ್ಚಿದರೆ ಸೆಕೆ. ಅಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ನಿಂಗರಾಜು ಗಣಿತದ ಮೇಷ್ಟ್ರು. ಅವನು ಬೈರಾಪಟ್ಟಣದವನು. ನಾವಿಬ್ಬರೂ ಓದುವಾಗ ಒಂದೇ ಬೆಂಚಿನವರು. ಹಾಗಾಗಿ ಶಾಲೆಯ ಗೇಟಿನ ಒಳಗೆ ಪರಸ್ಪರ 'ಸಾರ್', ಗೇಟು ದಾಟಿದರೆ 'ಲೇ'. ಶಿಸ್ತಿನ ಸಂಸ್ಥೆಗಳಲ್ಲಿ ಇಂಥ ಗಡಿಗಳನ್ನು ಪಾಲಿಸಬೇಕಾಗುತ್ತದೆ.

ರಾಜ್ಯದ ಶಾಸಕಾಂಗದ ಪಾಠವನ್ನು ನಾನು ಎಷ್ಟು ವರ್ಷ ಮಾಡಿದೆನೋ, ಮಾಡಿದ್ದೆಲ್ಲ ಒಂದೇ ಧಾಟಿ. ಎರಡು ಮನೆಗಳು. ಕೆಳಮನೆ ವಿಧಾನಸಭೆ, ಇನ್ನೂರ ಇಪ್ಪತ್ತನಾಲ್ಕು ಮಂದಿ, ಜನರೇ ನೇರ ಆರಿಸಿದವರು, ಐದು ವರ್ಷದ ಅವಧಿ. ಮೇಲ್ಮನೆ ವಿಧಾನ ಪರಿಷತ್ತು. ಎಪ್ಪತ್ತೈದು ಮಂದಿ, ಅದಕ್ಕೆ ವಿಸರ್ಜನೆಯಿಲ್ಲ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಎದ್ದು ಹೋಗಿ ಹೊಸಬರು ಬಂದು ಕೂರುತ್ತಾರೆ. ಅವರಲ್ಲಿ ಕೆಲವರನ್ನು ಶಾಸಕರು ಆರಿಸುತ್ತಾರೆ, ಕೆಲವರನ್ನು ಪಂಚಾಯಿತಿ ಪುರಸಭೆಗಳ ಸದಸ್ಯರು, ಕೆಲವರನ್ನು ಪದವೀಧರರು, ಕೆಲವರನ್ನು ಶಿಕ್ಷಕರು. ಉಳಿದವರನ್ನು ರಾಜ್ಯಪಾಲರು ನಾಮಕರಣ ಮಾಡುತ್ತಾರೆ. ಪರೀಕ್ಷೆಯಲ್ಲಿ ಇದು ಎರಡು ಅಂಕದ ಪ್ರಶ್ನೆ. ಈ ಎರಡು ಅಂಕ ಒಂದು ದಿನ ಹೆಗಲೇರಿ ಕೂರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಆ ವರ್ಷ ನಮ್ಮ ಭಾಗದ ಶಿಕ್ಷಕರ ಕ್ಷೇತ್ರದ ಸ್ಥಾನ ತೆರವಾಗುವುದಿತ್ತು. ನಮ್ಮ ಜಿಲ್ಲೆಯ ನಾಲ್ಕೂ ತಾಲ್ಲೂಕು ಆ ಕ್ಷೇತ್ರಕ್ಕೆ ಸೇರುತ್ತವೆ, ಬೆಂಗಳೂರಿನ ಕಡೆಯ ಲೆಕ್ಕವಿಲ್ಲದಷ್ಟು ಶಾಲೆಗಳೂ ಸೇರುತ್ತವೆ. ಹೈಸ್ಕೂಲಿನಿಂದ ಮೇಲಕ್ಕೆ ಪಾಠ ಮಾಡುವವರಿಗೆ ಮಾತ್ರ ಮತ. ತಮಾಷೆಯೆಂದರೆ, ಮತ ಹಾಕಲು ಮೇಷ್ಟ್ರಾಗಿರಬೇಕು, ನಿಲ್ಲಲು ಮೇಷ್ಟ್ರಾಗಿರಬೇಕೆಂದಿಲ್ಲ. ಇದೇ ವಿಷಯ ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಎದ್ದಿತು. ಖಾಸಗಿ ಶಾಲೆಯ ಮೇಷ್ಟ್ರುಗಳ ಕಷ್ಟ ಮೇಲ್ಮನೆಯಲ್ಲಿ ಯಾರೂ ಎತ್ತುವುದಿಲ್ಲ, ಹೆರಿಗೆ ರಜೆ ಕೇಳಿದರೆ ಕೆಲಸವೇ ಹೋಗುತ್ತದೆ ಎಂದು ವಿಜ್ಞಾನದ ಸಲ್ಮಾ ಟೀಚರ್ ಬೇಸರದಿಂದ ಹೇಳಿದರು. ನಿಂಗರಾಜು ಎಂದೂ ಹೆಚ್ಚು ಮಾತಾಡದವನು, ಅಂದು ಎದ್ದು ನಿಂತು, "ನಮ್ಮೋರೇ ಒಬ್ರು ನಿಂತ್ಕಬೇಕು" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವಷ್ಟರಲ್ಲಿ ಅವನೇ ಅಭ್ಯರ್ಥಿಯಾಗಿದ್ದ.

ನಮ್ಮದು ಸರ್ಕಾರಿ ಶಾಲೆಯಲ್ಲವಾದ್ದರಿಂದ ರಾಜೀನಾಮೆಯ ತೊಡಕಿರಲಿಲ್ಲ. ಆಡಳಿತ ಮಂಡಳಿ ರಜೆ ಕೊಟ್ಟರೆ ಸಾಕಿತ್ತು. ಮಂಡಳಿಯ ಅಧ್ಯಕ್ಷರು ರೇಷ್ಮೆ ನೂಲಿನ ವ್ಯಾಪಾರದವರು, ಉದಾರ ಮನಸ್ಸಿನವರು. ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು:

"ನಿಂತ್ಕಳಿ ನಿಂಗರಾಜು, ಗೆದ್ರೆ ಸ್ಕೂಲಿಗೇ ಹೆಸ್ರು. ಹತ್ತನೇ ಕ್ಲಾಸ್ ಲೆಕ್ಕ ಚಿಕ್ಕಣ್ಣೋರು ನೋಡ್ಕತಾರೆ."

"ಸಾ, ನಾನು ಸಮಾಜ..." ಎಂದೆ.

"ಗೊತ್ತು ಕಣ್ರೀ. ಪಾಠ ಅಂದ್ಮೇಲೆ ಎಲ್ಲ ಒಂದೇಯ. ನಿಂಗರಾಜು ಗೆದ್ದೋದ್ರೆ ಈ ವರ್ಷ ಪೂರ್ತಿ ನೀವೇ ಎಳ್ಕಂಡು ಹೋಗಿ. ಮುಂದಿನ ವರ್ಷ ಬೇರೆಯೋರ್ನ ಹುಡುಕನ."

ಹೀಗೆ ಒಂದೇ ಮಾತಿನಲ್ಲಿ ನಾನು ನನ್ನ ಗೆಳೆಯನ ಮುಖ್ಯ ಚುನಾವಣಾ ಏಜೆಂಟನೂ ಅವನ ತರಗತಿಯ ಉತ್ತರಾಧಿಕಾರಿಯೂ ಆದೆ. ಅವನು ಗೆಲ್ಲಬೇಕೆಂದು ಊರೂರು ಅಲೆಯುವುದು ಒಂದು ಕರ್ತವ್ಯ. ಅವನು ಗೆದ್ದರೆ ಹತ್ತನೇ ತರಗತಿಯ ಮಕ್ಕಳಿಗೆ ಮಾರ್ಚ್ ತನಕ ಗಣಿತ ಹೇಳಿಕೊಡುವುದು ಇನ್ನೊಂದು. ಇವೆರಡರಲ್ಲಿ ಯಾವುದು ನನ್ನನ್ನು ಹೆಚ್ಚು ಹೆದರಿಸುತ್ತಿತ್ತು ಎಂದು ವಿವರಿಸಬೇಕಾಗಿಲ್ಲ.

ಹತ್ತನೆಯವರಿಗೆ ಬೇಸಿಗೆ ರಜೆಯಲ್ಲೂ ಬೆಳಿಗ್ಗೆ ವಿಶೇಷ ತರಗತಿ. ಮೊದಲ ಅಧ್ಯಾಯವೇ ಸಮಾಂತರ ಶ್ರೇಢಿ. ಎರಡು, ಐದು, ಎಂಟು, ಹನ್ನೊಂದು. ಇಷ್ಟರ ತನಕ ನಾನು ಧೀರನಾಗಿದ್ದೆ. ಇಪ್ಪತ್ತನೇ ಪದ ಕಂಡುಹಿಡಿ ಎಂದಾಗ ಕಿಟಕಿಯಾಚೆ ನೋಡುತ್ತಿದ್ದೆ. ಮುಂದಿನ ಬೆಂಚಿನಲ್ಲಿ ನಗೀನಾ ಎಂಬ ಹುಡುಗಿ ಕೂರುತ್ತಿದ್ದಳು. ಬೀದಿಯಲ್ಲಿ ಬೊಂಬೆ ಮಾಡುವ ರಹಮತ್ ಸಾಹೇಬರ ಮಗಳು. ಡಿಪ್ಲೊಮಾ ಸೇರಬೇಕು, ಅದಕ್ಕೆ ಗಣಿತದಲ್ಲಿ ಒಳ್ಳೆಯ ಅಂಕ ಬೇಕು ಎಂದು ಏಳನೇ ತರಗತಿಯಿಂದ ಹೇಳಿಕೊಂಡು ಬಂದವಳು.

"ಸಾ, ನಿನ್ನೆ ನೀವು ಮಾಡಿದ್ದು ತಪ್ಪಂತೆ. ಗೈಡಲ್ಲಿ ಬೇರೆ ಉತ್ತರ ಐತೆ."

"ಗೈಡು ತಪ್ಪಿರಬಹುದಮ್ಮ."

"ಮೂರು ಗೈಡ್ ನೋಡ್ದೆ ಸಾ."

ತರಗತಿ ನಗಲಿಲ್ಲ. ನಕ್ಕಿದ್ದರೆ ನನಗೆ ಹಿತವಾಗಿರುತ್ತಿತ್ತು. ಸುಮ್ಮನೆ ನನ್ನನ್ನೇ ನೋಡಿದರು, ಬ್ರೇಕು ಹೋದ ಬಸ್ಸಿನಲ್ಲಿ ಡ್ರೈವರನ್ನು ನೋಡುವ ಹಾಗೆ. ಆಮೇಲೆ ನಗೀನಾ ಮೆಲ್ಲಗೆ ಕೇಳಿದಳು: "ನಿಂಗರಾಜು ಸಾರು ಗೆದ್ಬುಟ್ರೆ ವಾಪಸ್ ಬರಾದೇ ಇಲ್ವಾ ಸಾ?"

"ಆರು ವರ್ಷದ ಅವಧಿ ಕಣಮ್ಮ," ಎಂದೆ. ಆ ಒಂದು ಉತ್ತರ ಮಾತ್ರ ಸರಿಯಾಗಿತ್ತು.

ತರಗತಿ ಮುಗಿದ ಮೇಲೆ ನನ್ನ ಸ್ಕೂಟರಿನಲ್ಲಿ ನಮ್ಮ ಪ್ರಚಾರ. ಬೇರೆಯವರು ಹತ್ತು ಕಾರುಗಳಲ್ಲಿ ಬರುತ್ತಿದ್ದರು. ನಾವು ಇಬ್ಬರು, ಒಂದು ಚೀಲ ಕರಪತ್ರ, ಮೇ ತಿಂಗಳ ಬಿಸಿಲು. ರಹಮತ್ ಸಾಹೇಬರು ನಮ್ಮನ್ನು ನಿಲ್ಲಿಸಿ, "ಚಿಹ್ನೆ ಯಾವ್ದು ಮೇಷ್ಟ್ರೇ? ಹೇಳಿ, ಬೊಂಬೆ ಮಾಡಿ ಕೊಡ್ತೀನಿ. ಆನೆನೋ, ಕುದುರೆನೋ?" ಎಂದರು.

"ಪರಿಷತ್ತಿನ ಮತಪತ್ರದಲ್ಲಿ ಚಿಹ್ನೆಯೇ ಇರಲ್ಲ ಸಾಹೇಬ್ರೇ. ಹೆಸ್ರು, ಫೋಟೋ ಅಷ್ಟೇ. ನೇರಳೆ ಪೆನ್ನು ಅಲ್ಲೇ ಕೊಡ್ತಾರೆ. ಮೊದ್ಲು ಯಾರು ಬೇಕೋ ಅವ್ರ ಮುಂದೆ ಒಂದು ಅಂತ ಬರೀಬೇಕು. ಅವ್ರಿಲ್ದಿದ್ರೆ ಯಾರು ಅನ್ನೋದಕ್ಕೆ ಎರಡು. ಹಂಗೇ ಮೂರು, ನಾಕು."

"ಅಲ್ಲಾ! ಓಟಲ್ಲೂ ರ‍್ಯಾಂಕಾ? ಮೇಷ್ಟ್ರುಗಳ ಬುದ್ಧಿ ಹೋಗಲ್ಲ ನೋಡಿ," ಎಂದು ಅವರು ಮತ್ತೆ ಯಂತ್ರದ ಮುಂದೆ ಕುಳಿತರು.

ಈ ಒಂದು, ಎರಡು, ಮೂರರ ಪದ್ಧತಿಗೆ ಪ್ರಾಶಸ್ತ್ಯ ಮತ ಎಂದು ಹೆಸರು. ಇದು ನಮ್ಮ ಕಡೆಯ ಜನರ ಸ್ವಭಾವಕ್ಕೆ ಎಷ್ಟು ಒಪ್ಪುತ್ತದೆಂದು ನಾಲ್ಕು ಮನೆ ತಿರುಗುವುದರೊಳಗೆ ಗೊತ್ತಾಯಿತು. ಬಾಗಿಲಿಗೆ ಬಂದವನಿಗೆ ಇಲ್ಲ ಎನ್ನುವುದು ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ಮಾಮೂಲಿ ಚುನಾವಣೆಯಲ್ಲಾದರೆ ಎಲ್ಲರಿಗೂ ಹೂಂ ಎಂದು ಒಳಗೊಳಗೇ ನರಳಬೇಕು. ಇಲ್ಲಿ ಹಾಗಲ್ಲ, ಮರ್ಯಾದಸ್ಥರಿಗಾಗಿಯೇ ಎರಡನೇ ಸಂಖ್ಯೆ ಇದೆ.

ರಾಮನಗರದಲ್ಲಿ ಒಬ್ಬ ಹೆಡ್‌ಮಾಸ್ಟರು ಮಾವಿನಹಣ್ಣು ಹೆಚ್ಚಿ ಮುಂದಿಟ್ಟು, "ಮೊದಲ್ನೇದು ನಮ್ ಅತ್ತೆ ಕಡೇರ್ಗೆ ಮಾತು ಕೊಟ್ಬುಟ್ಟಿವ್ನಿ ಸಾ. ಎರಡ್ನೇದು ನಿಮ್ದೇಯ," ಎಂದರು. ಕನಕಪುರದ ಉಪನ್ಯಾಸಕರೊಬ್ಬರು ನಿಂಗರಾಜುವಿನ ಎರಡೂ ಕೈ ಹಿಡಿದು, "ಕಬ್ಬಾಳಮ್ಮನಾಣೆ, ಎರಡ್ನೇದು ನಿಮ್ಗೇ ಹಾಕ್ತೀನಿ," ಎಂದರು. ನಮ್ಮ ಸೀಮೆಯಲ್ಲಿ ಕಬ್ಬಾಳಮ್ಮನ ಮೇಲೆ ಆಣೆಯಿಟ್ಟು ಮಾತು ತಪ್ಪುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ. ಅಲ್ಲಿಂದ ಮುಂದಕ್ಕೆ ಅದೇ ರಾಗ. ಎಲ್ಲಿ ಹೋದರೂ ಒಂದು ಲೋಟ ಟೀ, ಒಂದು ಆಣೆ, ಎರಡನೇ ಪ್ರಾಶಸ್ತ್ಯ. ಬರುವಾಗ ಸ್ಕೂಟರಿನ ಕಾಲಿಡುವ ಜಾಗದ ತುಂಬ ಬಾದಾಮಿ, ರಸಪೂರಿ ಮಾವು.

"ಎಲ್ಲಾರೂ ಎರಡ್ನೇದು ಕೊಡ್ತಾವ್ರೆ ಕಣ್ಲಾ ಚಿಕ್ಕ," ಎಂದು ನಿಂಗರಾಜು ಹಿಂದಿನ ಸೀಟಿನಲ್ಲಿ ಬೆರಗಿನಿಂದ ಹೇಳಿದ. "ಒಬ್ರೂ ಇಲ್ಲ ಅನ್ಲಿಲ್ಲ."

"ಗೆದ್ದಂಗೆಯ ಬುಡ್ಲಾ," ಎಂದೆ. ನನ್ನ ದನಿ ಇಳಿದದ್ದನ್ನು ಅವನು ಗಾಳಿಯ ಸದ್ದೆಂದುಕೊಂಡಿರಬೇಕು.

ಅಭ್ಯರ್ಥಿಯ ಏಜೆಂಟನೊಬ್ಬ ತನ್ನ ಅಭ್ಯರ್ಥಿ ಸೋಲಲೆಂದು ಬಯಸಿದರೆ ಅದಕ್ಕೆ ಯಾವ ಕಲಮಿನಲ್ಲಿ ಶಿಕ್ಷೆಯಿದೆಯೋ ತಿಳಿಯದು. ನಾನು ಬಾಯಲ್ಲಿ ಒಂದು ಮಾತೂ ವಿರುದ್ಧ ಆಡಲಿಲ್ಲ. ಬಿಸಿಲಲ್ಲಿ ಸುಟ್ಟುಕೊಂಡು ಪ್ರಾಮಾಣಿಕವಾಗಿ ಮತ ಕೇಳಿದೆ. ಮನಸ್ಸು ಮಾತ್ರ ಚುನಾವಣಾ ಆಯೋಗದ ವ್ಯಾಪ್ತಿಯ ಹೊರಗಿತ್ತು.

ಮಾಗಡಿ ಕಡೆ ಹೋಗಿದ್ದು ಮಳೆ ಶುರುವಾಗುವ ಹೊತ್ತಿಗೆ. ಕಲ್ಯ ಎಂಬ ಹಳ್ಳಿಯಲ್ಲಿ ಒಬ್ಬ ಮೇಷ್ಟ್ರ ಮನೆಯ ಜಗಲಿಯಲ್ಲಿ ಕೂತಿದ್ದೆವು. ಅವರು ಎರಡನೇ ಪ್ರಾಶಸ್ತ್ಯದ ಆಣೆ ಮುಗಿಸಿ ಒಳಗೆ ಟೀ ಹೇಳಲು ಹೋದರು. ಮೊದಲ ಮಳೆಯ ದಪ್ಪ ಹನಿಗಳು ಅಂಗಳದ ಮಣ್ಣಿಗೆ ಬಿದ್ದು ಎಗರುತ್ತಿದ್ದವು. ನಿಂಗರಾಜು ಜಗಲಿಯ ಧೂಳಿನಲ್ಲಿ ಬೆರಳಿಂದ ಏನೋ ಗೀಚಿ, ಅಳಿಸಿ, ಮತ್ತೆ ಗೀಚಿದ. ಆಮೇಲೆ ಕೈ ಒರೆಸಿಕೊಂಡು ಗೋಡೆಗೆ ಒರಗಿದ. ತಿರುಗಾಟಕ್ಕೆ ಸೋತಿದ್ದಾನೆ ಎಂದುಕೊಂಡೆ. ಅಲ್ಲಿಂದ ಮತದಾನದ ದಿನದವರೆಗೂ ಅವನು ಎಲ್ಲರ ಮಾತಿಗೂ ಕೈ ಮುಗಿದು, "ಎರಡ್ನೇದಾದ್ರೂ ಸರಿ, ಮರೀಬೇಡಿ," ಎನ್ನುತ್ತಿದ್ದ. ಮುಖದಲ್ಲಿ ಎಂಥದೋ ಶಾಂತಿ. ಗೆಲುವು ಖಚಿತವಾದವರ ಮುಖ ಹೀಗಿರುತ್ತದೆಂದು ತಿಳಿದು ನಾನು ಇನ್ನೊಂದು ಗೈಡು ಕೊಂಡೆ.

ಎಣಿಕೆ ಬೆಂಗಳೂರಿನ ಒಂದು ಕಾಲೇಜಿನಲ್ಲಿ. ಬೆಳಿಗ್ಗೆ ರೈಲಿನಲ್ಲಿ ಹೋಗಿ ತಂತಿಬಲೆಯ ಈಚೆ ನಿಂತೆವು. ಆಚೆ ಮೇಜುಗಳ ಮೇಲೆ ಸಿಬ್ಬಂದಿ ಮತಪತ್ರಗಳನ್ನು ಬಿಡಿಸಿ, ಯಾರ ಮುಂದೆ ಒಂದು ಎಂದು ಬರೆದಿದೆಯೋ ಅವರ ಖಾನೆಗೆ ಹಾಕುತ್ತಿದ್ದರು. ಗೆಲ್ಲಬೇಕಾದರೆ ಸಿಂಧುವಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. ಯಾರಿಗೂ ಅಷ್ಟು ಬರದಿದ್ದರೆ, ಎಲ್ಲರಿಗಿಂತ ಕಡಿಮೆ ಬಂದವನನ್ನು ಹೊರಗೆ ಹಾಕಿ, ಅವನ ಮತಪತ್ರಗಳಲ್ಲಿ ಎರಡು ಎಂದು ಯಾರಿಗೆ ಬರೆದಿದೆಯೋ ಅವರಿಗೆ ಹಂಚುತ್ತಾರೆ. ಇಷ್ಟನ್ನು ನಾನು ಪಾಠದಲ್ಲಿ ಓದಿ ಹೇಳಿದ್ದವನೇ. ಓದಿ ಹೇಳುವುದು ಒಂದು, ಬಲೆಗೆ ಮೂಗು ತಾಗಿಸಿ ನೋಡುವುದು ಇನ್ನೊಂದು.

ನನಗೆ ಹತ್ತಿರವಿದ್ದ ಮೇಜಿನಲ್ಲಿ ಮುಂಚೂಣಿಯ ಅಭ್ಯರ್ಥಿಯ ಕಟ್ಟು ಕಟ್ಟುತ್ತಿದ್ದರು. ಒಂದೊಂದು ಮತಪತ್ರ ಮೇಲೆ ಬಂದಾಗಲೂ ನೋಡಿದೆ. ಅವರ ಮುಂದೆ ಒಂದು. ನಿಂಗರಾಜುವಿನ ಮುಂದೆ ಎರಡು. ಇನ್ನೊಂದು: ಅವರಿಗೆ ಒಂದು, ನಿಂಗರಾಜುವಿಗೆ ಎರಡು. ಮತ್ತೊಂದು, ಮಗದೊಂದು. ಯಾರೂ ಮಾತು ತಪ್ಪಿರಲಿಲ್ಲ. ಕಬ್ಬಾಳಮ್ಮನಿಗೆ ಅಂಜಿದ ನಾಲ್ಕು ತಾಲ್ಲೂಕಿನ ಮೇಷ್ಟ್ರುಗಳು ನೇರಳೆ ಪೆನ್ನಿನಲ್ಲಿ ದುಂಡಗೆ, ಪರೀಕ್ಷೆ ತಿದ್ದುವಷ್ಟು ಶ್ರದ್ಧೆಯಿಂದ, ಅವನಿಗೆ ಎರಡನೇ ಸ್ಥಾನ ಕೊಟ್ಟಿದ್ದರು. ಪಕ್ಕದ ಅಭ್ಯರ್ಥಿಯ ಕಟ್ಟಿನಲ್ಲೂ ಅದೇ ಕಥೆ.

ಆದರೆ ಆ ಕಟ್ಟುಗಳ ಎರಡನೇ ಸಂಖ್ಯೆಯನ್ನು ಯಾರೂ ಓದುವುದಿಲ್ಲ. ಆ ಅಭ್ಯರ್ಥಿ ಕಣದಿಂದ ಹೊರಬಿದ್ದರೆ ತಾನೇ ಎರಡನೆಯದಕ್ಕೆ ಬೆಲೆ? ಅವರು ದೊಡ್ಡ ಅಭ್ಯರ್ಥಿಗಳು, ಕೊನೆಯ ತನಕ ಇರುವವರು. ಹೊರಬೀಳುವವನು ಒಂದು ಎಂಬ ಮತ ಕಡಿಮೆ ಬಿದ್ದವನು. ನಿಂಗರಾಜುವಿನ ಖಾನೆಯನ್ನು ನೋಡಿದೆ. ನಮ್ಮ ಶಾಲೆಯ ಮತಗಳು ಅಷ್ಟೂ ಬಂದಿದ್ದವು. ಅಷ್ಟೇ ಬಂದಿದ್ದವು.

ಮೊದಲ ಸುತ್ತಿನಲ್ಲಿ ಯಾರೂ ಅರ್ಧ ದಾಟಲಿಲ್ಲ. ಅಧಿಕಾರಿಗಳು ಮೈಕಿನಲ್ಲಿ ಹೊರಹೋಗುವ ಮೊದಲ ಅಭ್ಯರ್ಥಿಯ ಹೆಸರು ಓದಿದರು. ಎಲ್ಲರ ಎರಡನೇ ಆಯ್ಕೆಯಾಗಿದ್ದವನು ಎಲ್ಲರಿಗಿಂತ ಮುಂಚೆ ಹೊರಬಿದ್ದ. ಸಂವಿಧಾನ ಬರೆದವರು ನನ್ನ ಗಣಿತದ ಸ್ಥಿತಿಯನ್ನು ಮುಂಗಂಡಿದ್ದರೋ ಎಂಬಂತೆ ಎದೆಯ ಮೇಲಿನ ಕಲ್ಲು ಜಾರಿತು. ತಕ್ಷಣ ನಾಚಿಕೆಯೂ ಆಯಿತು. ಮುಖವನ್ನು ಉದ್ದ ಮಾಡಿಕೊಂಡು ನಿಂಗರಾಜುವಿನ ಹೆಗಲ ಮೇಲೆ ಕೈಯಿಟ್ಟೆ.

ಹೊರಗೆ ಬಂದು ಕಾಲೇಜಿನ ಎದುರಿನ ಹೋಟೆಲಿನಲ್ಲಿ ಕೂತೆವು. ಮಧ್ಯಾಹ್ನದ ಊಟದ ಹೊತ್ತು. ಅವನು ಮುದ್ದೆ ಇಲ್ಲವೆಂದು ಬೇಸರಪಟ್ಟು ಅನ್ನ ಹೇಳಿದ. ಆಮೇಲೆ ಇನ್ನೊಂದು ಸಲ ಅನ್ನ ಹಾಕಿಸಿಕೊಂಡ. ಠೇವಣಿ ಕಳೆದುಕೊಂಡವನ ಹಸಿವಲ್ಲ ಅದು.

"ಬೇಜಾರ್ ಮಾಡ್ಕಬೇಡ ಕಣ್ಲಾ," ಎಂದೆ.

"ನೀನು ಮಾಡ್ಕಬೇಡ. ನಂಗೆ ಕಲ್ಯದಲ್ಲೇ ಗೊತ್ತಾಯ್ತು."

"ಏನು?"

"ಸೋಲ್ತೀನಿ ಅಂತ. ಆ ಜಗಲಿ ಮ್ಯಾಲೆ ಲೆಕ್ಕ ಹಾಕ್ದೆ. ಎಲ್ಲಾರೂ ಎರಡು ಅಂತ ಬರುದ್ರೆ ನನ್ ಎರಡು ಓದೋಕೆ ಮುಂಚೆಯೇ ನಾನು ಆಚಿಗೆ. ಒಂದು ಅಂತ ಬರ್ಯೋರು ನಮ್ ಸ್ಟಾಫ್ ರೂಮ್ ಬುಟ್ರೆ ಒಬ್ರಿಲ್ಲ."

"ಅಲ್ಲಾಲೇ, ಆವಾಗ್ಲೇ ಹೇಳ್ಬಾರ್ದಾಗಿತ್ತಾ? ತಿರ‍್ಗಾ ಎಲ್ಲರ ಹತ್ರ ಹೋಗಿ ಮೊದಲ್ನೇದು ಕೇಳ್ತಿದ್ವಲ್ಲ!"

"ಅದಕ್ಕೇ ಹೇಳ್ಲಿಲ್ಲ ಕಣ್ಲಾ ಚಿಕ್ಕ," ಎಂದು ಅವನು ಎಲೆಯ ಮೇಲಿನ ಹಪ್ಪಳ ಮುರಿದ. "ಕೇಳಿ, ಅವ್ರು ಕೊಟ್ಬುಟ್ಟಿದ್ರೆ?"

ನಾನು ನನ್ನ ಎಲೆಯ ಹಪ್ಪಳವನ್ನೂ ಅವನ ಎಲೆಗೆ ಹಾಕಿದೆ.

"ಚಪ್ಪಾಳೆ ತಟ್ಬುಟ್ರಲ್ಲ, ಅವತ್ತು ಬ್ಯಾಡ ಅನ್ನಾಕೆ ಬಾಯಿ ಬರ್ಲಿಲ್ಲ. ನಿಂತ್ಕಂಡೆ. ಸಲ್ಮಾ ಟೀಚರ್ ಹೇಳಿದ್ದು ನ್ಯಾಯವೇ. ಆದ್ರೆ ಅಲ್ಲಿ ಎದ್ದು ನಿಂತು ಮಾತಾಡೋದು, ಕೂತ್ಕಳಿ ಅಂದ್ರೆ ಕೂತ್ಕಳಾದು, ನನ್ ಕೈಲಿ ಆಗಕಿಲ್ಲ. ಕ್ಲಾಸಲ್ಲಿ ನಾನು ಹೇಳಿದ್ರೆ ಎಲ್ಲಾ ಕೂತ್ಕತಾರೆ." ಅನ್ನ ಕಲಸುತ್ತ ಕೇಳಿದ: "ಶ್ರೇಢಿ ಎಲ್ಲೀಗಂಟ ಬಂತು?"

"ಇಪ್ಪತ್ತನೇ ಪದದ ತನಕ."

"ಅದು ಎರಡ್ನೇ ದಿನದ ಪಾಠ ಅಲ್ವಾ?"

ನಾನೂ ಆಗ ಸತ್ಯ ಹೇಳಿಬಿಟ್ಟೆ. ಪ್ರತಿದಿನ ಸ್ಕೂಟರು ಹತ್ತುವಾಗ ಒಳಗೊಳಗೇ ಏನು ಬೇಡಿಕೊಳ್ಳುತ್ತಿದ್ದೆ ಎಂದು. ಅವನು ಬಾಯಿಯ ಅನ್ನ ನುಂಗಲಾರದೆ ನಕ್ಕ. ಮಾಣಿ ಬಂದು ನೀರಿಟ್ಟು ಹೋದ. ಚುನಾವಣೆಯಲ್ಲಿ ಅಭ್ಯರ್ಥಿಯೂ ಏಜೆಂಟನೂ ಇಷ್ಟು ಒಮ್ಮತದಿಂದ ಕೆಲಸ ಮಾಡಿದ ನಿದರ್ಶನ ಇನ್ನೊಂದು ಇದೆಯೋ ಇಲ್ಲವೋ. ಊಟ ಮುಗಿಸಿ ರೈಲು ಹತ್ತಿದೆವು. ಗೆದ್ದವರು ಯಾರೆಂದು ಮರುದಿನ ಪೇಪರಿನಲ್ಲಿ ಓದಿದೆವು. ಮುಂದೆ ಒಂದು ದಿನ ಸಲ್ಮಾ ಟೀಚರ್ ಜೊತೆ ಹೋಗಿ ಹೆರಿಗೆ ರಜೆಯ ಮನವಿಯನ್ನು ಅವರಿಗೆ ಕೊಟ್ಟು ಬಂದೆವು. ಎರಡೂ ಕೈಯಲ್ಲಿ ತೆಗೆದುಕೊಂಡರು. ಆ ಕಾಗದ ಈಗಲೂ ಎಲ್ಲೋ ಭದ್ರವಾಗಿಯೇ ಇರಬೇಕು.

ಎಣಿಕೆಯ ಮರುದಿನ ಬೆಳಗಾದರೆ ಶಾಲೆ. ನಾನು ಮುಂಚೆಯೇ ತರಗತಿಗೆ ಹೋಗಿ ಎಚ್ಚರಿಸಿದೆ: "ನಿಮ್ಮ ಸಾರಿಗೆ ನೋವಾಗಿದೆ. ಯಾರೂ ನಗಬಾರದು. ಬೇಜಾರಾದವರ ಹಾಗೆ ಕೂರಬೇಕು." ಹೂಂಗುಟ್ಟಿದರು. ನಾನು ಮರಳಿ ಗೇಟಿಗೆ ಬಂದಾಗ ನಿಂಗರಾಜು ಬೊಂಬೆ ಬೀದಿಯಿಂದ ಬರುತ್ತಿದ್ದ, ಅವನ ಹಿಂದೆಯೇ ರಹಮತ್ ಸಾಹೇಬರು ಕಾಗದದ ಪೊಟ್ಟಣ ಹಿಡಿದು ಓಡಿ ಬಂದರು.

"ಮೇಷ್ಟ್ರೇ, ಸಕ್ಕರೆ ತಗಳಿ. ದರ್ಗಾದಲ್ಲಿ ಓದಿಸ್ಕಂಡು ಬಂದಿವ್ನಿ. ಮಗಳ ಹರಕೆ ತೀರ್ತು."

"ಒಳ್ಳೇದು ಸಾಹೇಬ್ರೇ. ಏನು ಹರಕೆ?"

ರಹಮತ್ ಸಾಹೇಬರು ಬಾಯಿ ತೆರೆದರು. ನನ್ನ ಮುಖ ನೋಡಿದರು, ನಿಂಗರಾಜುವಿನ ಮುಖ ನೋಡಿದರು. "ಅದು... ಓದಿನ ವಿಚಾರ ಮೇಷ್ಟ್ರೇ," ಎಂದು ಸರಸರ ಹಿಂದಿರುಗಿದರು. ನಿಂಗರಾಜು ಸಕ್ಕರೆ ಬಾಯಿಗೆ ಹಾಕಿಕೊಂಡು ಹತ್ತನೇ ತರಗತಿಯ ಕಿಟಕಿಯತ್ತ ನೋಡಿದ.

ನಾವು ಹೋದಾಗ ತರಗತಿ ಎದ್ದು ನಿಂತಿತು. ನನ್ನ ಆಜ್ಞೆಯಂತೆ ಎಲ್ಲರ ಮುಖವೂ ಬಾಡಿತ್ತು. ಹಿಂದಿನ ಬೆಂಚಿನ ಇಬ್ಬರು ಅತಿಯಾಗಿ ಬಾಡಿದ್ದರು. ನಾನು ಬಾಗಿಲಲ್ಲೇ ನಿಂತೆ. ನಿಂಗರಾಜು ಮೇಜಿನ ಹತ್ತಿರ ಹೋಗಿ, ಕಪ್ಪುಹಲಗೆಯ ಮೇಲಿದ್ದ ನನ್ನ ಲೆಕ್ಕವನ್ನು ಮೇಲಿಂದ ಕೆಳಗೆ ಓದಿ, ಒರೆಸಿದ. ಆಮೇಲೆ ತಿರುಗಿದ.

"ಕೂತ್ಕಳಿ. ಒಂದು ಮಾತು ಕೇಳ್ತೀನಿ, ಸುಳ್ಳು ಹೇಳ್ಬಾರ್ದು. ನಾನು ಸೋಲ್ಲಿ ಅಂತ ಹರಕೆ ಹೊತ್ಕಂಡೋರು ಕೈ ಎತ್ತಿ."

ನಗೀನಾ ನೆಲ ನೋಡಿದಳು, ಕಿಟಕಿ ನೋಡಿದಳು, ಮೆಲ್ಲಗೆ ಕೈ ಎತ್ತಿದಳು. "ದರ್ಗಾಕ್ಕೆ ಸಾ," ಎಂದಳು, ಅದರಿಂದ ತಪ್ಪು ಕಡಿಮೆಯಾಗುತ್ತದೆ ಎಂಬಂತೆ. ಅವಳ ಹಿಂದಿನವನು ಎತ್ತಿದ: "ನಾನು ಕಬ್ಬಾಳಮ್ಮನಿಗೆ ಸಾ." ಆಮೇಲೆ ಕಿಟಕಿಯ ಸಾಲು. ಆಮೇಲೆ ಗೋಡೆಯ ಸಾಲು. ಕೊನೆಗೆ ಎತ್ತದ ಕೈ ತರಗತಿಯಲ್ಲಿ ಉಳಿಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಾನೂ ಎತ್ತಿದೆ.

ನಿಂಗರಾಜು ಆ ಕೈಗಳನ್ನೆಲ್ಲ ಒಂದು ಸಲ ನೋಡಿದ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ.

"ನಾಕು ತಾಲ್ಲೂಕು ತಿರುಗ್ದೆ," ಎಂದ. "ಇಷ್ಟು ಮೊದಲ್ನೇ ಪ್ರಾಶಸ್ತ್ಯ ನಂಗೆಲ್ಲೂ ಸಿಗ್ಲಿಲ್ಲ. ಕೈ ಇಳ್ಸಿ, ಪುಸ್ತಕ ತೆಗೀರಿ."